‘ಮಾಡೋಣ’ ಅಂದರೆ ಮಾಡುವವರು ಯಾರು? ಮನೆಯಿಂದ ನಡೆಸುವ ಮೀಟಿಂಗ್‌ಗಳ ಬಗ್ಗೆ

2020ರ ಏಪ್ರಿಲ್, ಲಾಕ್‌ಡೌನ್ ಶುರುವಾಗಿ ಮೂರನೇ ವಾರ. ನಮ್ಮದು ಎಂಟು ಜನರ ತಂಡ. ನಾಲ್ಕು ಜನ ಬೆಂಗಳೂರಿನಲ್ಲೇ ಉಳಿದಿದ್ದೆವು, ಇಬ್ಬರು ಹುಬ್ಬಳ್ಳಿ ಸೇರಿದ್ದರು, ಒಬ್ಬಳು ದಾವಣಗೆರೆಯಲ್ಲಿದ್ದಳು, ಇನ್ನೊಬ್ಬ ಶಿರಸಿ ಹತ್ತಿರದ ತೋಟದ ಮನೆಯಲ್ಲಿ. ಗ್ರಾಹಕರಿಗೆ ಕಳಿಸಬೇಕಿದ್ದ ರಿಪೋರ್ಟಿನಲ್ಲಿ ಒಂದು ಲೆಕ್ಕ ತಪ್ಪು ಬರುತ್ತಿತ್ತು. ಸೋಮವಾರದ ಕಾಲ್‌ನಲ್ಲಿ ನಾನು ಕೇಳಿದೆ, “ಗುರುವಾರದ ಒಳಗೆ ಇದನ್ನ ಸರಿ ಮಾಡಬಹುದಾ?” ಎರಡು ಮೂರು ಸೆಕೆಂಡು ಸದ್ದೇ ಇಲ್ಲ. ಆಮೇಲೆ ಯಾರೋ “ಮಾಡೋಣ ಸರ್” ಅಂದರು. ಇನ್ಯಾರೋ “ಆಯ್ತು ಸರ್” ಅಂದರು. ನಾನು ಖುಷಿಯಿಂದ ಕಾಲ್ ಕಟ್ ಮಾಡಿದೆ.

ಗುರುವಾರ ಮಧ್ಯಾಹ್ನ ನೋಡಿದರೆ ಅದನ್ನು ಯಾರೂ ಮುಟ್ಟಿಯೇ ಇಲ್ಲ. ‘ಮಾಡೋಣ’ ಅಂದವನು ಇನ್ನೊಬ್ಬ ಮಾಡುತ್ತಾನೆ ಅಂದುಕೊಂಡಿದ್ದ. ‘ಆಯ್ತು’ ಅಂದವಳು ‘ಕೇಳಿಸ್ತು’ ಅನ್ನುವ ಅರ್ಥದಲ್ಲಿ ಅಂದಿದ್ದಳು. ಶಿರಸಿಯವನಿಗೆ ಆ ಹೊತ್ತಿಗೆ ನೆಟ್‌ವರ್ಕೇ ಇರಲಿಲ್ಲ, ಅವನು ಕಾಲ್‌ನಿಂದ ಬಿದ್ದುಹೋಗಿದ್ದು ನಮಗ್ಯಾರಿಗೂ ಗೊತ್ತಾಗಿರಲಿಲ್ಲ.

ಆಫೀಸಿನಲ್ಲಿ ಇದೇ ಮಾತು ನಡೆದಿದ್ದರೆ ಕೆಲಸ ಆಗಿಬಿಡುತ್ತಿತ್ತು. ಅಲ್ಲಿ ನಾನು ಮೀಟಿಂಗ್ ಚೆನ್ನಾಗಿ ನಡೆಸುತ್ತಿದ್ದೆ ಅಂತ ಅಂದುಕೊಳ್ಳಬೇಡಿ, ಅಲ್ಲೂ ಹೀಗೇ. ಆದರೆ ಮೀಟಿಂಗ್ ಮುಗಿಸಿ ಕೆಳಗಿನ ಟೀ ಅಂಗಡಿಗೆ ಹೋಗುವಾಗ ಲಿಫ್ಟಿನಲ್ಲಿ ಒಬ್ಬ ಇನ್ನೊಬ್ಬನನ್ನು “ಲೋ, ಅದನ್ನ ನೀನ್ ನೋಡ್ತೀಯಾ, ನಾನ್ ನೋಡ್ಲಾ?” ಅಂತ ಕೇಳುತ್ತಿದ್ದ. ಅಲ್ಲಿಗೆ ವಿಷಯ ಇತ್ಯರ್ಥ. ಯಾರಿಗೆ ಅರ್ಥವಾಗಿಲ್ಲ ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಯಾರಿಗೆ ಸಿಟ್ಟು ಬಂದಿದೆ ಅನ್ನುವುದು ಕುರ್ಚಿ ಎಳೆಯುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಮೀಟಿಂಗಿನ ಅರ್ಧ ಕೆಲಸವನ್ನು ಆ ರೂಮು, ಆ ಲಿಫ್ಟು, ಆ ಟೀ ಅಂಗಡಿ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದವು. ಮನೆಯಿಂದ ಕೆಲಸ ಅಂದಮೇಲೆ ಅಷ್ಟನ್ನೂ ನಾವೇ ಕೈಯಾರೆ ಮಾಡಬೇಕು. ಇಷ್ಟು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು.

“ನೀವು ಹೇಳಿ”, “ಇಲ್ಲ ಇಲ್ಲ, ನೀವೇ ಹೇಳಿ”

ವಿಡಿಯೋ ಕಾಲ್‌ನಲ್ಲಿ ಇಬ್ಬರು ಒಟ್ಟಿಗೆ ಬಾಯಿ ತೆಗೆಯುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ, ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತಾರೆ, ಮತ್ತೆ ಇಬ್ಬರೂ ಒಟ್ಟಿಗೆ ಶುರು ಮಾಡುತ್ತಾರೆ. ನೋಡಿದವರಿಗೆ ನಗು, ಮಾಡುವವರಿಗೆ ಮುಜುಗರ. ಇದು ನಮ್ಮ ಮರ್ಯಾದೆ ಜಾಸ್ತಿಯಾಗಿ ಆಗುವುದಲ್ಲ, ತಾಂತ್ರಿಕ ಕಾರಣ ಇದೆ.

2009ರಲ್ಲಿ ಜಪಾನೀಸ್, ಡ್ಯಾನಿಶ್, ಕೊರಿಯನ್, ಲಾವೋ ಸೇರಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ ಒಂದು ಅಧ್ಯಯನ ಬಂತು. ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಭಾಷೆಯಿಂದ ಭಾಷೆಗೆ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಎಲ್ಲವೂ ಇದರ ಆಸುಪಾಸಿನಲ್ಲೇ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಕೇಳಿದರೆ ನಾವು ಇದಕ್ಕಿಂತ ನಿಧಾನ ಅಂತ ನನಗೇನೂ ಅನ್ನಿಸುವುದಿಲ್ಲ.

ಈಗ ಇಂಟರ್ನೆಟ್ಟಿನ ಕಡೆ ಬನ್ನಿ. ನಿಮ್ಮ ದನಿ ಮೈಕಿಗೆ ಹೋಗಿ, ತುಣುಕುಗಳಾಗಿ, ವೈಫೈ ದಾಟಿ, ಎಲ್ಲೋ ಇರುವ ಸರ್ವರಿಗೆ ಹೋಗಿ, ಅಲ್ಲಿಂದ ಎದುರಿನವರ ಮನೆಗೆ ಬಂದು, ಮತ್ತೆ ದನಿಯಾಗಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಮಾತುಕತೆಗೆ ತೊಂದರೆ ಇಲ್ಲ, 400 ದಾಟಲೇಬಾರದು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂತವರಿಗೆ ಈ ತಡ ಸುಲಭವಾಗಿ ಇನ್ನೂರು ಮುನ್ನೂರಕ್ಕೆ ಹೋಗುತ್ತದೆ. ಹೋಗುವ ತಡ ಒಂದು, ವಾಪಸ್ ಬರುವ ತಡ ಇನ್ನೊಂದು. ನೀವು ಮಾತು ನಿಲ್ಲಿಸಿ ಅರ್ಧ ಸೆಕೆಂಡು ಕಾಯುತ್ತೀರಿ, ಯಾರೂ ಮಾತಾಡುತ್ತಿಲ್ಲ ಅನ್ನಿಸುತ್ತದೆ, ಮತ್ತೆ ಶುರು ಮಾಡುತ್ತೀರಿ. ನಿಜಕ್ಕೂ ಎದುರಿನವರು ಸರಿಯಾದ ಹೊತ್ತಿಗೇ ಬಾಯಿ ತೆಗೆದಿದ್ದರು, ಅದು ನಿಮಗಿನ್ನೂ ತಲುಪಿರಲಿಲ್ಲ ಅಷ್ಟೇ.

ಇದಕ್ಕೆ ಎರಡೇ ಮದ್ದು. ಒಂದು, ಹೆಸರು ಹಿಡಿದು ಕೇಳುವುದು. “ಏನಾದ್ರೂ ಡೌಟ್ ಇದೆಯಾ?” ಅನ್ನುವುದಕ್ಕಿಂತ ಹಾಳು ಪ್ರಶ್ನೆ ಆನ್‌ಲೈನ್ ಮೀಟಿಂಗಿನಲ್ಲಿ ಇನ್ನೊಂದಿಲ್ಲ, ಅದಕ್ಕೆ ಉತ್ತರ ಯಾವತ್ತೂ ಮೌನವೇ. ಅದರ ಬದಲು “ಮೊದಲು ಹುಬ್ಬಳ್ಳಿಯವರು ಹೇಳಿ, ಆಮೇಲೆ ದಾವಣಗೆರೆ, ಆಮೇಲೆ ನಾನು” ಅಂತ ಸರದಿ ಹಾಕಿಬಿಡಿ. ಹಿರಿಯರನ್ನು ಕೊನೆಗೆ ಇಡಿ, ಅವರು ಮೊದಲು ಮಾತಾಡಿದರೆ ಉಳಿದವರದ್ದು ಬರೀ “ಹೌದು ಸರ್, ನಂದೂ ಅದೇ” ಆಗುತ್ತದೆ. ಎರಡನೆಯದು, ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತರ ತನಕ ಎಣಿಸುವುದು. ತುಂಬ ಕಷ್ಟ, ನನಗಂತೂ ಮೊದಲ ವಾರ ಆರು ದಾಟಲು ಆಗಲಿಲ್ಲ. ಆದರೆ ಏಳೋ ಎಂಟೋ ಆಗುವಾಗ ಯಾರಾದರೂ ಮ್ಯೂಟ್ ತೆಗೆದ ಸದ್ದು ಬರುತ್ತದೆ.

ಹೂಂಗುಟ್ಟುವವರು ಬೇಕು

ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ “ಮಲಗಿದ್ಯೇನೋ?” ಅಂತ ಕೇಳಿ ಕಥೆ ನಿಲ್ಲಿಸಿಬಿಡುತ್ತಿದ್ದರು, ನೆನಪಿದೆಯಾ? ಮಾತಾಡುವವರಿಗೆ ಆ ‘ಹೂಂ’ ಬೇಕು. ಆ ಸಣ್ಣ ಸದ್ದಿನಿಂದಲೇ ಮುಂದೆ ಹೋಗಬೇಕೋ, ಇನ್ನೊಮ್ಮೆ ಬಿಡಿಸಿ ಹೇಳಬೇಕೋ ಅಂತ ಗೊತ್ತಾಗುವುದು. ಆನ್‌ಲೈನಿನಲ್ಲಿ ಎಲ್ಲರೂ ಮ್ಯೂಟ್. ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಮಗು ಅಳುತ್ತದೆ, ಹಾಗಾಗಿ ಮ್ಯೂಟ್ ತಪ್ಪಲ್ಲ. ಆದರೆ ಹೂಂ ಸತ್ತುಹೋಯಿತು. ಮಾತಾಡುವವರು ಬಾವಿಗೆ ಕಲ್ಲು ಹಾಕಿ ಸದ್ದು ಕೇಳದವರ ಹಾಗೆ ಒಂದೇ ಮಾತನ್ನು ಮೂರು ಸಲ ಹೇಳುತ್ತಾರೆ. ಅದಕ್ಕೇ ಮೀಟಿಂಗ್ ಉದ್ದವಾಗುವುದು.

ಹಾಗಾದರೆ ಎಲ್ಲರೂ ಕ್ಯಾಮೆರಾ ಆನ್ ಮಾಡಿ ಅಂತ ಕಡ್ಡಾಯ ಮಾಡೋಣವಾ? ನಾನು ಮಾಡಿ ನೋಡಿದೆ, ಒಂದೂವರೆ ತಿಂಗಳಲ್ಲಿ ಬಿಟ್ಟೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಕಾಲ್ ಯಾಕೆ ಸುಸ್ತು ಮಾಡುತ್ತದೆ ಅನ್ನುವುದಕ್ಕೆ ನಾಲ್ಕು ಕಾರಣ ಕೊಟ್ಟರು. ದೊಡ್ಡ ಮುಖಗಳು ತೀರಾ ಹತ್ತಿರದಿಂದ ನಿಮ್ಮನ್ನೇ ದಿಟ್ಟಿಸುತ್ತಿರುವ ಹಾಗೆ ಕಾಣುತ್ತದೆ. ತಲೆಯಾಡಿಸುವುದು, ಹೆಬ್ಬೆಟ್ಟು ತೋರಿಸುವುದು, ಎಲ್ಲವನ್ನೂ ಬೇಕಂತಲೇ ಜೋರಾಗಿ ಮಾಡಬೇಕು. ದಿನವಿಡೀ ನಿಮ್ಮ ಮುಖವನ್ನೇ ನೀವು ನೋಡಬೇಕು. ಮತ್ತೆ ಕ್ಯಾಮೆರಾದ ಚೌಕಟ್ಟಿನಿಂದ ಅಲ್ಲಾಡುವ ಹಾಗಿಲ್ಲ. ಮೂರನೆಯದನ್ನು ಯೋಚಿಸಿ, ಆಫೀಸಿನಲ್ಲಿ ಯಾರಾದರೂ ಎದುರಿಗೆ ಕನ್ನಡಿ ಹಿಡಿದುಕೊಂಡು ಎಂಟು ಗಂಟೆ ಹಿಂದೆ ಸುತ್ತಿದರೆ ಹೇಗಿರುತ್ತದೆ! ನಿಮ್ಮ ಮುಖ ನಿಮಗೆ ಕಾಣದ ಹಾಗೆ ಮಾಡುವ ಆಯ್ಕೆ ಝೂಮ್‌ನಲ್ಲಿ ಇದೆ, ಇವತ್ತೇ ಅದನ್ನು ಒತ್ತಿ.

ಇನ್ನೊಂದು ವಿಷಯ ದುಡ್ಡು ಮತ್ತು ಊರಿನದ್ದು. ದನಿಗೆ ಸೆಕೆಂಡಿಗೆ 100 ಕಿಲೋಬಿಟ್ ಕೂಡ ಬೇಕಾಗುವುದಿಲ್ಲ, ಚೊಕ್ಕ ವಿಡಿಯೋಗೆ ಅದರ ಹತ್ತು ಪಟ್ಟು ಬೇಕು. ಲಾಕ್‌ಡೌನ್ ವರ್ಷದ ಮಳೆಗಾಲದಲ್ಲಿ ಮಲೆನಾಡಿನ ಎಷ್ಟೋ ಹುಡುಗರು ಸಿಗ್ನಲ್ ಸಿಗುವ ಗುಡ್ಡ ಹುಡುಕಿ, ಪ್ಲಾಸ್ಟಿಕ್ ಹೊದಿಕೆ ಕಟ್ಟಿಕೊಂಡು ಕೂತಿದ್ದರು. ಅಂಥವರಿಗೆ “ಕ್ಯಾಮೆರಾ ಆನ್ ಮಾಡಪ್ಪ” ಅನ್ನುವುದು ಅನ್ಯಾಯ. ನಮ್ಮಲ್ಲಿ ಈಗ ಇರುವ ಪದ್ಧತಿ ಹೀಗೆ: ಮೊದಲ ಐದು ನಿಮಿಷ ಆದವರೆಲ್ಲ ಮುಖ ತೋರಿಸುತ್ತೇವೆ, ಕುಶಲ ಕೇಳುತ್ತೇವೆ, ಆಮೇಲೆ ಅವರವರ ಇಷ್ಟ. ನಾಲ್ಕೈದೇ ಜನರಿದ್ದು ಸದ್ದುಗದ್ದಲ ಇಲ್ಲದಿದ್ದರೆ ಮ್ಯೂಟ್ ತೆಗೆದೇ ಕೂರುತ್ತೇವೆ. ಹೂಂ ವಾಪಸ್ ಬಂದಿದೆ, ಆಗಾಗ ಪಕ್ಕದ ಮನೆಯ ನಾಯಿಯ ದನಿಯೂ ಬರುತ್ತದೆ, ಪರವಾಗಿಲ್ಲ.

ಓದಿ ಬರುವುದಿಲ್ಲ, ಹಾಗಾಗಿ ಅಲ್ಲೇ ಓದಿಸಿ

ಯಾವುದಕ್ಕೆ ಮೀಟಿಂಗ್ ಬೇಕು, ಯಾವುದಕ್ಕೆ ಬೇಡ? ನನ್ನ ಅಳತೆ ಸುಲಭ. ಒಬ್ಬರೇ ಮಾತಾಡಿ ಉಳಿದವರು ಕೇಳುವುದಾದರೆ ಅದನ್ನು ಬರೆದು ಕಳಿಸಿ. ಇಬ್ಬರಿಗೆ ಬೇರೆ ಬೇರೆ ಅಭಿಪ್ರಾಯ ಇದ್ದು ಒಂದು ತೀರ್ಮಾನ ಆಗಬೇಕಿದ್ದರೆ ಕರೆಯಿರಿ. ಮನಸ್ಸಿಗೆ ನೋವಾಗುವ ಮಾತಿದ್ದರೆ, ಕೆಲಸದಲ್ಲಿ ತಪ್ಪು ಹೇಳುವುದೋ, ಬಡ್ತಿ ಸಿಗಲಿಲ್ಲ ಅನ್ನುವುದೋ, ಅದಕ್ಕೆ ಗುಂಪಿನ ಮೀಟಿಂಗೂ ಬೇಡ, ಮೆಸೇಜೂ ಬೇಡ, ಆ ಒಬ್ಬರಿಗೆ ಫೋನ್ ಮಾಡಿ.

ಬರೆದು ಕಳಿಸಿದರೆ ಯಾರು ಓದುತ್ತಾರೆ ಅಂತ ಕೇಳುತ್ತೀರಿ. ಯಾರೂ ಓದುವುದಿಲ್ಲ, ನಾನೂ ಓದುತ್ತಿರಲಿಲ್ಲ. ಇದಕ್ಕೆ ಅಮೆಜಾನ್‌ನವರ ಉಪಾಯ ನೋಡಿ. ಅದರ ಸ್ಥಾಪಕ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಮೀಟಿಂಗ್‌ಗಳಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿದರು. ಅದರ ಬದಲು ಹೆಚ್ಚೆಂದರೆ ಆರು ಪುಟದ ಬರಹ. ಮೀಟಿಂಗಿನ ಮೊದಲ ಹೊತ್ತು ಎಲ್ಲರೂ ಬಾಯಿ ಮುಚ್ಚಿ ಅದನ್ನು ಓದುವುದು, ಆಮೇಲೆ ಮಾತು. ಓದಿ ಬನ್ನಿ ಅಂದರೆ ಓದಿದ ಹಾಗೆ ನಟಿಸುತ್ತಾರೆ ಅಂತ ಅವರಿಗೆ ಗೊತ್ತಿತ್ತು. ನಮ್ಮದು ಸಣ್ಣ ತಂಡ, ಆರು ಪುಟ ಬರೆಯುವಷ್ಟು ಪುರುಸೊತ್ತು ಯಾರಿಗಿದೆ, ಒಂದು ಪುಟ ಸಾಕು. ಏನು ಸಮಸ್ಯೆ, ಎರಡು ದಾರಿ ಏನೇನಿವೆ, ನನಗೆ ಯಾವುದು ಸರಿ ಅನ್ನಿಸುತ್ತದೆ, ಯಾಕೆ. ಮೊದಲ ಆರೇಳು ನಿಮಿಷ ಓದು. ಆ ಮೌನ ಮೊದಲ ಸಲ ವಿಚಿತ್ರ ಅನ್ನಿಸುತ್ತದೆ, ಯಾರಿಗೋ ಸಂತಾಪ ಸೂಚಿಸುತ್ತಿದ್ದೇವೇನೋ ಅನ್ನುವ ಹಾಗೆ.

ಓದುತ್ತ ಓದುತ್ತ ಅದೇ ಪುಟದ ಪಕ್ಕದಲ್ಲಿ ಪ್ರಶ್ನೆ ಬರೆಯಬಹುದು. ಇದರಿಂದ ನಾನು ಎಣಿಸದ ಒಂದು ಲಾಭ ಆಯಿತು. ದಾವಣಗೆರೆಯ ಹುಡುಗಿ ಕಾಲ್‌ನಲ್ಲಿ ವರ್ಷವಿಡೀ ಹತ್ತು ವಾಕ್ಯ ಆಡಿರಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ, ನನ್ನ ದಡ್ಡತನ. ಬರೆಯುವ ಪದ್ಧತಿ ಶುರುವಾದ ಮೊದಲ ವಾರ ಅವಳು ಪಕ್ಕದಲ್ಲಿ ಒಂದು ಸಾಲು ಹಾಕಿದಳು: “ಎರಡನೇ ಕಾಲಂ ಜಿಎಸ್‌ಟಿ ಸೇರಿಸಿದ ಮೊತ್ತ, ಮೂರನೇದು ಸೇರಿಸದ್ದು. ನಾವು ಎರಡನ್ನೂ ಕೂಡ್ತಿದೀವಿ, ಅದಕ್ಕೇ ಲೆಕ್ಕ ತಪ್ತಿರಬಹುದು.” ನಾವು ನಾಲ್ಕು ಜನ ಎರಡು ದಿನ ಹುಡುಕುತ್ತಿದ್ದ ತಪ್ಪು ಅದು. ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳಿದರೆ, ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಎಲ್ಲರೂ ಮುಂದಿನ ವಿಷಯಕ್ಕೆ ಹೋಗಿರುತ್ತಾರೆ ಅಂದಳು. ಎಂಟಕ್ಕೆ ಎಂಟೂ ಕನ್ನಡದವರೇ ಇರುವ ತಂಡ ನಮ್ಮದು! ಕಾಲ್ ಶುರುವಾದ ಕೂಡಲೇ ಯಾಕೆ ಇಂಗ್ಲಿಷಿಗೆ ಜಾರುತ್ತಿದ್ದೆವೋ ದೇವರಿಗೇ ಗೊತ್ತು. ಈಗ ಹೊರಗಿನವರು ಇಲ್ಲದಿದ್ದರೆ ಮಾತು ಕನ್ನಡದಲ್ಲೇ, ಬರಹ ಯಾರಿಗೆ ಯಾವುದು ಸುಲಭವೋ ಅದರಲ್ಲಿ.

ಮಾತಾಡಬೇಕಾದ ವಿಷಯಗಳ ಸಾಲಿನಲ್ಲೂ ಒಂದು ಮೋಸ ಇದೆ. ಬ್ರಿಟನ್ನಿನ ಲೇಖಕ ಪಾರ್ಕಿನ್ಸನ್ 1950ರ ದಶಕದಲ್ಲಿ ಒಂದು ಕಾಲ್ಪನಿಕ ಸಮಿತಿಯ ಕಥೆ ಹೇಳಿ ಗೇಲಿ ಮಾಡಿದ್ದರು. ಒಂದು ಕೋಟಿ ಪೌಂಡಿನ ಅಣು ರಿಯಾಕ್ಟರಿಗೆ ಸಮಿತಿ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ, 350 ಪೌಂಡಿನ ಸೈಕಲ್ ಶೆಡ್ಡಿನ ಮೇಲೆ ಮುಕ್ಕಾಲು ಗಂಟೆ ಚರ್ಚೆ ಮಾಡುತ್ತದೆ. ರಿಯಾಕ್ಟರ್ ಯಾರಿಗೂ ಅರ್ಥವಾಗುವುದಿಲ್ಲ, ಸೈಕಲ್ ಶೆಡ್ ಎಲ್ಲರಿಗೂ ಗೊತ್ತು. ಸ್ಕ್ರೀನ್ ಶೇರ್ ಬಂದಮೇಲೆ ಇದು ಇನ್ನೂ ಜೋರಾಗಿದೆ. ಎದುರಿಗೆ ಕಾಣುವ ಬಟನ್ನಿನ ಬಣ್ಣದ ಬಗ್ಗೆ ಎಂಟೂ ಜನರಿಗೆ ಅಭಿಪ್ರಾಯ ಇರುತ್ತದೆ, ಹಿಂದಿರುವ ಲೆಕ್ಕದ ಬಗ್ಗೆ ಇಬ್ಬರಿಗೆ. ಕಷ್ಟದ ವಿಷಯವನ್ನು ಮೊದಲು ಇಡಿ, ಬಣ್ಣವನ್ನು ಚಾಟ್‌ನಲ್ಲಿ ಮುಗಿಸಿ.

ಬೆಳಗಿನ ಸ್ಟ್ಯಾಂಡ್‌ಅಪ್, ಅಂದರೆ ತಂಡದವರು ದಿನಾ ಸೇರುವ ಚಿಕ್ಕ ಮೀಟಿಂಗ್ ಬಗ್ಗೆ ಒಂದೇ ಮಾತು. ಹದಿನೈದು ನಿಮಿಷ ಅಂತ ನಿಯಮ ಇರುವುದು, ಮುಕ್ಕಾಲು ಗಂಟೆ ಮಾಡಬೇಡಿ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನು ಅನ್ನುವ ಮೂರು ಪ್ರಶ್ನೆಗಳನ್ನು ಸ್ಕ್ರಮ್ ಅನ್ನುವ ಈ ಕೆಲಸದ ಪದ್ಧತಿಯ ಕೈಪಿಡಿ ‘ಸ್ಕ್ರಮ್ ಗೈಡ್’ ಬರೆದವರೇ 2020ರ ಪರಿಷ್ಕರಣೆಯಲ್ಲಿ ತೆಗೆದುಹಾಕಿದ್ದಾರೆ, ನಾವು ಮಾತ್ರ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಲೇ ಇದ್ದೇವೆ.

‘ಆಯ್ತು’ ಅನ್ನುವ ಪದ

ಈಗ ಮೊದಲಿನ ಗುರುವಾರಕ್ಕೆ ವಾಪಸ್ ಬರುತ್ತೇನೆ. ನಮ್ಮ ‘ಆಯ್ತು’ ಇದೆಯಲ್ಲ, ಅದಕ್ಕೆ ಎಷ್ಟು ಅರ್ಥ ನೋಡಿ. ‘ಕೇಳಿಸಿತು’ ಅಂತಲೂ ಆಯ್ತು. ‘ಒಪ್ಪಿದೆ’ ಅಂತಲೂ ಆಯ್ತು. ‘ಕೆಲಸ ಮುಗಿದಿದೆ’ ಅಂತಲೂ ಆಯ್ತು. ‘ಸಾಕು, ಬಿಡಿ ಇನ್ನು’ ಅಂತಲೂ ಆಯ್ತು. ಎದುರಿಗೆ ಇದ್ದರೆ ರಾಗದಲ್ಲೇ ಗೊತ್ತಾಗುತ್ತದೆ. ಸ್ಪೀಕರಿನಲ್ಲಿ ಹರಿದು ಬರುವ ದನಿಯಲ್ಲಿ ಗೊತ್ತಾಗುವುದಿಲ್ಲ.

‘ಮಾಡೋಣ’ ಇನ್ನೂ ಅಪಾಯ. ಅದರಲ್ಲಿ ನಾನೂ ಇದ್ದೇನೆ, ನೀವೂ ಇದ್ದೀರಿ, ಹಾಗಾಗಿ ಯಾರೂ ಇಲ್ಲ. ‘ನೋಡೋಣ’ ಅಂದರೆ ಬಹಳ ಸಲ ‘ಆಗಲ್ಲ, ಆದರೆ ಮುಖಕ್ಕೆ ಹೊಡೆದ ಹಾಗೆ ಹೇಳೋದು ಹೇಗೆ’ ಅಂತ ಅರ್ಥ. ಈ ಮಾತುಗಳು ಕೆಟ್ಟವು ಅಂತ ನಾನು ಹೇಳುತ್ತಿಲ್ಲ, ನೆಂಟರ ಮನೆಯಲ್ಲಿ ಇವು ಇಲ್ಲದೆ ಬದುಕಲಾಗುವುದಿಲ್ಲ. ಮೀಟಿಂಗಿನಲ್ಲಿ ಮಾತ್ರ ಇವು ಬಂದಾಗ ಕಿವಿ ನೆಟ್ಟಗಾಗಬೇಕು.

ಅದಕ್ಕೆ ನಾವು ಕೊನೆಯ ಐದು ನಿಮಿಷ ಮುಟ್ಟದೆ ಉಳಿಸುತ್ತೇವೆ. ಎಲ್ಲರಿಗೂ ಕಾಣುವ ಹಾಗೆ ಒಂದು ಪುಟ ತೆರೆದು, ಮಾತಾಡುತ್ತಲೇ ಬರೆಯುತ್ತೇವೆ. ಒಂದು ಸಾಲಿಗೆ ಒಂದೇ ಹೆಸರು. ಎರಡು ಹೆಸರು ಬರೆದರೆ ಅದು ಮತ್ತೆ ‘ಮಾಡೋಣ’ವೇ. “ರಿಪೋರ್ಟಿನ ಲೆಕ್ಕ ಸರಿ ಮಾಡಿ, ಹಳೆಯ ಮೂರು ತಿಂಗಳ ಜೊತೆ ತಾಳೆ ನೋಡಿ, ಗುರುವಾರ ಮಧ್ಯಾಹ್ನ 12ರ ಒಳಗೆ ಗುಂಪಿಗೆ ಹಾಕುವುದು” ಅಂತ, ಅದರ ಮುಂದೆ ಹೆಸರು. ‘ಬೇಗ’, ‘ಆದಷ್ಟು’, ‘ಈ ವಾರ’ ಇವೆಲ್ಲ ಬೇಡ. ಆಮೇಲೆ ಆ ಕೆಲಸ ಯಾರದೋ ಅವರೇ ಅದನ್ನು ಜೋರಾಗಿ ಓದಬೇಕು. ಬೇರೆಯವರು ಓದಿದರೆ ‘ಆಯ್ತು’ ಅಂದುಬಿಡುತ್ತಾರೆ, ತಾವೇ ಓದುವಾಗ “ಅಯ್ಯೋ, ಗುರುವಾರ ನಂಗೆ ಆಸ್ಪತ್ರೆ ಇದೆ” ಅಂತ ನೆನಪಾಗುತ್ತದೆ. ಬರೆಯುವ ಕೆಲಸ ಪ್ರತಿ ವಾರ ಒಬ್ಬೊಬ್ಬರಿಗೆ ಸರದಿಯಲ್ಲಿ ಹೋಗಲಿ, ಇಲ್ಲದಿದ್ದರೆ ಎಲ್ಲ ಕಡೆ ಅದು ಹೊಸಬರ ಅಥವಾ ಹೆಣ್ಣುಮಕ್ಕಳ ತಲೆಗೇ ಬೀಳುತ್ತದೆ, ನೀವೇ ಗಮನಿಸಿ ನೋಡಿ. ಕಾಲ್‌ನಿಂದ ಮಧ್ಯೆ ಬಿದ್ದುಹೋದವರಿಗೂ ಆ ಪುಟ ನೋಡಿದರೆ ಸಾಕು.

ಅರ್ಧ ಆಫೀಸು, ಅರ್ಧ ಮನೆ

ಎಲ್ಲಕ್ಕಿಂತ ಕಷ್ಟದ್ದು ಇದು. 2022ರ ಹೊತ್ತಿಗೆ ಬೆಂಗಳೂರಿನವರು ಆಫೀಸಿಗೆ ಬರಲು ಶುರು ಮಾಡಿದ್ದೆವು, ಊರಿನವರು ಊರಲ್ಲೇ ಇದ್ದರು. ರೂಮಿನಲ್ಲಿ ನಾಲ್ಕು ಜನ ಒಂದು ಸ್ಪೀಕರ್ ಫೋನಿನ ಸುತ್ತ, ಪರದೆಯಲ್ಲಿ ನಾಲ್ಕು ಜನ. ರೂಮಿನಲ್ಲಿ ಯಾರೋ ಜೋಕ್ ಹೊಡೆದರೆ ನಾಲ್ವರು ನಗುತ್ತಾರೆ, ಹುಬ್ಬಳ್ಳಿಗೆ ಬರೀ ಗೊರಗೊರ ಸದ್ದು. ಬೋರ್ಡಿನ ಮೇಲೆ ಬರೆದದ್ದು ಅವರಿಗೆ ಕಾಣುವುದಿಲ್ಲ. ಕಾಲ್ ಕಟ್ ಆದಮೇಲೆ ನಾವು ನಾಲ್ವರು ಟೀ ಕುಡಿಯುತ್ತ ತೀರ್ಮಾನವನ್ನೇ ಬದಲಾಯಿಸಿದ್ದೂ ಇದೆ. ಟೀ ಅಂಗಡಿ ಅರ್ಧ ತಂಡಕ್ಕೆ ಮಾತ್ರ ವಾಪಸ್ ಸಿಕ್ಕಿತ್ತು.

ಆ ಸೆಪ್ಟೆಂಬರಿನ ಮಳೆಗೆ ಔಟರ್ ರಿಂಗ್ ರೋಡ್ ಮುಳುಗಿ ನಾವೂ ಮನೆಯಲ್ಲೇ ಉಳಿಯಬೇಕಾಯಿತು. ಆ ವಾರದ ಮೀಟಿಂಗ್ ತಿಂಗಳುಗಳ ಬಳಿಕ ಮೊದಲ ಸಲ ಚೆನ್ನಾಗಿ ನಡೆಯಿತು, ಎಲ್ಲರದ್ದೂ ಒಂದೇ ಅಳತೆಯ ಚೌಕ. ಆಮೇಲೆ ನಿಯಮವೇ ಮಾಡಿದೆವು. ಒಬ್ಬರು ಮನೆಯಿಂದ ಸೇರಿದರೂ ಆಫೀಸಿನಲ್ಲಿರುವವರು ತಮ್ಮ ತಮ್ಮ ಡೆಸ್ಕಿನಿಂದ, ತಮ್ಮ ತಮ್ಮ ಹೆಡ್‌ಫೋನ್ ಹಾಕಿಕೊಂಡೇ ಸೇರಬೇಕು. ಪಕ್ಕಪಕ್ಕ ಕೂತು ಪರದೆಯಲ್ಲಿ ಮಾತಾಡುವುದು ನೋಡಿ ಆಫೀಸಿನ ಬೇರೆಯವರು ನಗುತ್ತಾರೆ. ನಗಲಿ.

ಹೊತ್ತಿನ ಲೆಕ್ಕ

ಹೊರದೇಶದ ಗ್ರಾಹಕರಿದ್ದರೆ ನವೆಂಬರ್ ಬಂದಾಗ ಎಚ್ಚರ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 8:30 ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ 9. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ, ನಮ್ಮದು ರಾತ್ರಿ 10 ಆಗುತ್ತದೆ. ಮಾರ್ಚಿನ ಎರಡನೇ ಭಾನುವಾರದ ತನಕ ಹಾಗೇ. ಯುರೋಪಿನವರು ಅಕ್ಟೋಬರ್ ಕೊನೆಯ ಭಾನುವಾರವೇ ತಿರುಗಿಸುವುದರಿಂದ ನಡುವಿನ ಒಂದು ವಾರ ಮೂರೂ ಕಡೆಯ ಲೆಕ್ಕ ತಲೆಕೆಳಗು. ಚಳಿಗಾಲದಲ್ಲಿ ಮೀಟಿಂಗನ್ನು ಅವರ ಬೆಳಿಗ್ಗೆ 7:30ಕ್ಕೆ ತನ್ನಿ ಅಂತ ಕೇಳಿ. ನಾವು ಕೇಳುವುದೇ ಇಲ್ಲ, ಕೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ.

ಮೀಟಿಂಗ್ ಮೇಲೆ ಮೀಟಿಂಗ್ ಕೂಡ ಬೇಡ. ಮೈಕ್ರೋಸಾಫ್ಟ್ 2021ರಲ್ಲಿ 14 ಜನರ ತಲೆಗೆ ಮಿದುಳಿನ ಅಲೆ ಅಳೆಯುವ ಟೋಪಿ ಹಾಕಿಸಿ, ಅರ್ಧರ್ಧ ಗಂಟೆಯ ನಾಲ್ಕು ಮೀಟಿಂಗ್‌ಗಳನ್ನು ಬಿಡುವಿಲ್ಲದೆ ಒಂದು ಸಲ, ನಡುವೆ ಹತ್ತು ನಿಮಿಷ ಧ್ಯಾನದ ಬಿಡುವು ಕೊಟ್ಟು ಇನ್ನೊಂದು ಸಲ ಮಾಡಿಸಿತು. ಬಿಡುವಿಲ್ಲದಾಗ ಒತ್ತಡದ ಅಲೆ ಮೀಟಿಂಗಿನಿಂದ ಮೀಟಿಂಗಿಗೆ ಏರುತ್ತಲೇ ಹೋಯಿತು, ಬಿಡುವು ಇದ್ದಾಗ ಏರಲಿಲ್ಲ. ಹದಿನಾಲ್ಕೇ ಜನ, ದೊಡ್ಡ ಪುರಾವೆ ಅಂತ ಹೇಳಲಾಗದು, ಆದರೆ ಒಂದರ ಹಿಂದೆ ಒಂದು ನಾಲ್ಕು ಕಾಲ್ ಮಾಡಿದ ಯಾರಿಗೂ ಪುರಾವೆ ಬೇಕಾಗಿಲ್ಲ. ಅರ್ಧ ಗಂಟೆಯದನ್ನು 25 ನಿಮಿಷಕ್ಕೆ ಇಳಿಸಿ, ನೀರು ಕುಡಿಯಲು, ಬಟ್ಟೆ ಒಣಗಿದೆಯಾ ನೋಡಲು ಐದು ನಿಮಿಷ ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಮೀಟಿಂಗ್‌ಗಳು ಕಳೆಯ ಹಾಗೆ ಬೆಳೆಯುತ್ತವೆ. ಒಂದು ಸಲ ‘ಪ್ರತಿ ಮಂಗಳವಾರ’ ಅಂತ ಕ್ಯಾಲೆಂಡರಿಗೆ ಹಾಕಿದರೆ ಅದು ತಾನಾಗಿ ಸಾಯುವುದಿಲ್ಲ. ಆನ್‌ಲೈನ್ ಅಂಗಡಿಗಳಿಗೆ ಸಾಫ್ಟ್‌ವೇರ್ ಕೊಡುವ ಶಾಪಿಫೈ ಕಂಪನಿ 2023ರ ಜನವರಿಯಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಜನರಿರುವ, ಮತ್ತೆ ಮತ್ತೆ ಬರುವ ಮೀಟಿಂಗ್‌ಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಹಾಕಿತು. ಅದನ್ನು ಓದಿ ನಾವೂ ಯುಗಾದಿ ಮುಗಿದ ವಾರ ಏಳಕ್ಕೆ ಏಳನ್ನೂ ಕ್ಯಾಲೆಂಡರಿನಿಂದ ತೆಗೆದು, ಯಾರಿಗೆ ಯಾವುದು ಬೇಕೋ ಅವರು ಕಾರಣ ಬರೆದು ವಾಪಸ್ ಹಾಕಿ ಅಂದೆವು. ಮೂರು ವಾಪಸ್ ಬಂದವು. ಅದರಲ್ಲಿ ಒಂದು ಶುಕ್ರವಾರ ಸಂಜೆ ನಾಲ್ಕೂವರೆಯ ಕಾಲ್, ಅದಕ್ಕೆ ವಿಷಯವೂ ಇಲ್ಲ, ಬರೆಯುವ ಪುಟವೂ ಇಲ್ಲ, ಎಲ್ಲರೂ ಅವರವರ ಮನೆಯ ಟೀ ಹಿಡಿದುಕೊಂಡು ಕೂರುವುದಷ್ಟೇ. ಅದನ್ನು ವಾಪಸ್ ಹಾಕಿದವನು ಶಿರಸಿಯವನು, ಕಾರಣ ಅಂತ ಬರೆದಿದ್ದು: “ಲಿಫ್ಟು ಇಲ್ಲ, ಅದಕ್ಕೆ.”